ವೆಬ್‌ಸೈಟ್ ಸಿದ್ಧವಾಯ್ತು, ಈಗ ಸರ್ವರ್‌ಗೆ ಹತ್ತಿಸುವುದು ಹೇಗೆ?

ಲ್ಯಾಪ್‌ಟಾಪ್‌ನಲ್ಲಿ ವೆಬ್‌ಸೈಟ್ ಮಾಡಿ ಮುಗಿಸಿದ್ದೀರಿ. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಬ್ರೌಸರ್‌ನಲ್ಲಿ ಚೆನ್ನಾಗಿ ತೆರೆದುಕೊಳ್ಳುತ್ತದೆ. ಆದರೆ ಅದು ಕಾಣುವುದು ನಿಮಗೆ ಮಾತ್ರ. ಎಲ್ಲರಿಗೂ ಕಾಣಬೇಕಾದರೆ ಆ ಫೈಲುಗಳು ಹಗಲೂ ರಾತ್ರಿ ಇಂಟರ್‌ನೆಟ್‌ನಲ್ಲೇ ಇರುವ ಸರ್ವರ್‌ಗೆ ಹೋಗಬೇಕು. ಅಲ್ಲಿ ಜಾಗ ಬಾಡಿಗೆಗೆ ಕೊಡುವವರೇ ವೆಬ್ ಹೋಸ್ಟ್.

ನನ್ನ ಅಕ್ಕ ಶಿರಸಿ ಹತ್ತಿರ ಸಸಿಗಳ ನರ್ಸರಿ ನಡೆಸುತ್ತಾಳೆ. ಅವಳಿಗೆ ಐದು ಪುಟದ ಸೈಟ್ ಮಾಡಿ, ಅಪ್‌ಲೋಡ್ ಮುಗಿಸಿ ಫೋನ್ ಮಾಡಿದೆ. 'ಅಕ್ಷರ ಎಲ್ಲ ಬಂತು ಮಾರಾಯ, ಒಂದು ಫೋಟೊನೂ ಇಲ್ವಲ್ಲ' ಅಂದಳು. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಕಾಣುತ್ತಿದ್ದವು! ಸಂಜೆಯಿಡೀ ಹುಡುಕಿದ ಮೇಲೆ ಗೊತ್ತಾಯಿತು. ಕ್ಯಾಮೆರಾ ಪ್ರತಿ ಫೋಟೊದ ಹೆಸರಿನ ಕೊನೆಗೆ ಜೆಪಿಜಿ ಎಂದು ಕ್ಯಾಪಿಟಲ್ ಅಕ್ಷರದಲ್ಲಿ ಬರೆದಿತ್ತು. ನಾನು ಪುಟದೊಳಗೆ ಸ್ಮಾಲ್ ಅಕ್ಷರದಲ್ಲಿ ಬರೆದಿದ್ದೆ. ವಿಂಡೋಸ್‌ಗೆ ಎರಡೂ ಒಂದೇ. ಹೋಸ್ಟ್‌ಗಳು ಹೆಚ್ಚಾಗಿ ಬಳಸುವುದು ಲಿನಕ್ಸ್. ಅದಕ್ಕೆ ಇವು ಎರಡು ಬೇರೆ ಬೇರೆ ಫೈಲ್. ಹಾಗಾಗಿ ಅಪ್‌ಲೋಡ್‌ಗಿಂತ ಅದಕ್ಕೆ ಮುಂಚಿನ ತಯಾರಿಯ ಬಗ್ಗೆಯೇ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಹತ್ತಿಸುವ ಮುಂಚೆ

ಎಲ್ಲ ಫೈಲ್‌ಗಳಿಗೂ ಇಂಗ್ಲಿಷ್ ಸ್ಮಾಲ್ ಅಕ್ಷರದ ಹೆಸರು ಕೊಡಿ. ನಡುವೆ ಸ್ಪೇಸ್ ಬೇಡ, ಅಡ್ಡಗೆರೆ ಹಾಕಿ. ಮೊದಲ ಪುಟದ ಹೆಸರು 'ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್' ಆಗಿರಲಿ. ಯಾರಾದರೂ ನಿಮ್ಮ ವಿಳಾಸ ಟೈಪ್ ಮಾಡಿದಾಗ ಸರ್ವರ್ ಮೊದಲು ಹುಡುಕುವುದು ಇದನ್ನೇ.

ಇನ್ನು ಕೋಡ್‌ನಲ್ಲಿ 'ಸಿ' ಡ್ರೈವ್ ಅಂತ ಎಲ್ಲಾದರೂ ಇದೆಯಾ, ಹುಡುಕಿ ನೋಡಿ. ಫೋಟೊದ ವಿಳಾಸ ನಿಮ್ಮ ಕಂಪ್ಯೂಟರ್‌ನ ಡ್ರೈವ್‌ನಿಂದ ಶುರುವಾಗಿದ್ದರೆ ಬೇರೆಯವರ ಫೋನಿನಲ್ಲಿ ಅದು ಸಿಗುವುದಿಲ್ಲ. ಇಮೇಜಸ್ ಫೋಲ್ಡರ್, ಅದರೊಳಗಿನ ಫೋಟೊದ ಹೆಸರು, ಅಷ್ಟು ಬರೆದರೆ ಸಾಕು.

ಕನ್ನಡ ಸೈಟ್ ಮಾಡುವವರು ಇನ್ನೊಂದನ್ನು ನೋಡಲೇಬೇಕು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಹಾಕಿದ್ದರೆ, ಆ ಫಾಂಟ್ ಇಲ್ಲದವರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು ಕಾಣುತ್ತವೆ. ಅದನ್ನು ಎಲ್ಲ ಕಡೆ ಓದಲು ಬರುವ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಫೈಲನ್ನು ಯುಟಿಎಫ್-8 ಆಗಿ ಸೇವ್ ಮಾಡಿ, ಪುಟದ ಕೋಡ್‌ನ ತಲೆಭಾಗದಲ್ಲೂ (ಹೆಡ್) ಅದನ್ನು ನಮೂದಿಸಿ. ಇಷ್ಟು ಮಾಡದಿದ್ದರೆ ಕಷ್ಟಪಟ್ಟು ಬರೆದ ಕನ್ನಡವನ್ನು ಯಾರೂ ಓದಲಾರರು.

ಫೋನ್‌ನಲ್ಲಿ ತೆಗೆದ ಫೋಟೊ 4-5 ಎಂಬಿ ಇರಬಹುದು. ಅಗಲ 1200 ಪಿಕ್ಸೆಲ್‌ಗೆ ಇಳಿಸಿ. ನೆಟ್‌ವರ್ಕ್ ಒಂದೇ ಕಡ್ಡಿ ಬರುವ ಊರಿನಲ್ಲೂ ಪುಟ ಬೇಗ ತೆರೆಯಬೇಕು, ಅಲ್ವಾ?

ಹೋಸ್ಟ್ ಕಳಿಸಿದ ಇಮೇಲ್

ಹಣ ಕಟ್ಟಿದ ಮೇಲೆ ಹೋಸ್ಟ್‌ನಿಂದ ಒಂದು ಇಮೇಲ್ ಬರುತ್ತದೆ. ಅದನ್ನು ಅಳಿಸಬೇಡಿ. ಸರ್ವರ್ ಹೆಸರು, ಯೂಸರ್‌ನೇಮ್, ಪಾಸ್‌ವರ್ಡ್, ಪೋರ್ಟ್ ಸಂಖ್ಯೆ, ಈ ನಾಲ್ಕು ಬೇಕು. ಪೋರ್ಟ್ ಅಂದರೆ ಸರ್ವರ್‌ನ ಒಳಹೋಗುವ ಬಾಗಿಲಿನ ಸಂಖ್ಯೆ ಇದ್ದಂತೆ. ಫೈಲ್ ಸಾಗಿಸುವ ಪದ್ಧತಿ ಎಫ್‌ಟಿಪಿ ಆದರೆ ಸಾಮಾನ್ಯವಾಗಿ ಪೋರ್ಟ್ 21, ಅದೇ ಕೆಲಸವನ್ನು ಸುರಕ್ಷಿತವಾಗಿ ಮಾಡುವ ಎಸ್‌ಎಫ್‌ಟಿಪಿ ಆದರೆ 22.

ಫೈಲ್ ಸಾಗಿಸುವ ಈ ಎಫ್‌ಟಿಪಿ ಪದ್ಧತಿಯ ಮೊದಲ ಕರಡನ್ನು 1971ರಲ್ಲಿ ಬರೆದವರು ಐಐಟಿ ಕಾನ್ಪುರದ ಮೊದಲ ಬ್ಯಾಚ್‌ನಲ್ಲಿ ಓದಿದ್ದ ಅಭಯ್ ಭೂಷಣ್. ನನಗಂತೂ ಇದು ತುಂಬ ಹೆಮ್ಮೆಯ ವಿಷಯ. ಆದರೆ ಹಳೆಯ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ಸಾಗುತ್ತದೆ. ಆದ್ದರಿಂದ ಹೋಸ್ಟ್‌ನಲ್ಲಿ ಎಸ್‌ಎಫ್‌ಟಿಪಿ ಇದ್ದರೆ ಅದನ್ನೇ ಬಳಸಿ.

ಎಡದಿಂದ ಬಲಕ್ಕೆ

ಫೈಲ್‌ಜಿಲ್ಲಾ ಎಂಬ ಉಚಿತ ತಂತ್ರಾಂಶವನ್ನು ಅದರ ಸ್ವಂತ ವೆಬ್‌ಸೈಟ್‌ನಿಂದಲೇ ಇಳಿಸಿಕೊಳ್ಳಿ. ಕ್ಲೈಂಟ್, ಸರ್ವರ್ ಎಂದು ಎರಡು ಇರುತ್ತವೆ. ನಿಮಗೆ ಬೇಕಾದ್ದು ಕ್ಲೈಂಟ್. ಮೇಲಿನ ಪಟ್ಟಿಯಲ್ಲಿ ಆ ನಾಲ್ಕು ವಿವರ ತುಂಬಿ ಕ್ವಿಕ್‌ಕನೆಕ್ಟ್ ಒತ್ತಿ. ಮೊದಲ ಸಲ ಈ ಸರ್ವರನ್ನು ನಂಬಲೇ ಎಂದು ಕೇಳಬಹುದು. ಸರ್ವರ್ ಹೆಸರನ್ನು ಇಮೇಲ್ ಜೊತೆ ಹೋಲಿಸಿ ನೋಡಿ ಓಕೆ ಕೊಡಿ.

ಪರದೆ ಎರಡು ಭಾಗವಾಗಿರುತ್ತದೆ. ಎಡಕ್ಕೆ ನಿಮ್ಮ ಕಂಪ್ಯೂಟರ್, ಬಲಕ್ಕೆ ಸರ್ವರ್. ಬಲಗಡೆ 'ಪಬ್ಲಿಕ್ ಎಚ್‌ಟಿಎಂಎಲ್' ಎಂಬ ಫೋಲ್ಡರ್ ಹುಡುಕಿ, ಅದರೊಳಗೆ ಹೋಗಿ. ಕೆಲವು ಹೋಸ್ಟ್‌ಗಳಲ್ಲಿ ಅದಕ್ಕೆ ಬೇರೆ ಹೆಸರಿರುತ್ತದೆ. ಅದೂ ಸಾಮಾನ್ಯವಾಗಿ ಆ ಇಮೇಲ್‌ನಲ್ಲೇ ಸಿಗುತ್ತದೆ. ಹೊರಗೆ ಹಾಕಿದ ಫೈಲ್ ಯಾರಿಗೂ ಕಾಣುವುದಿಲ್ಲ.

ಈಗ ಎಡಗಡೆ ನಿಮ್ಮ ಸೈಟ್ ಫೋಲ್ಡರನ್ನು ತೆರೆಯಿರಿ. ಇಲ್ಲಿ ಹೊಸಬರು ತುಂಬ ಜನ ಎಡವುತ್ತಾರೆ. ಫೋಲ್ಡರನ್ನೇ ಎಳೆದು ಹಾಕಬಾರದು, ಅದರ ಒಳಗಿರುವುದನ್ನು ಹಾಕಬೇಕು. ಫೋಲ್ಡರನ್ನೇ ಹಾಕಿದರೆ ವಿಳಾಸದ ಕೊನೆಗೆ ಫೋಲ್ಡರ್ ಹೆಸರನ್ನೂ ಬರೆದರೆ ಮಾತ್ರ ಸೈಟ್ ತೆರೆಯುತ್ತದೆ. ಎಲ್ಲ ಆರಿಸಿ, ರೈಟ್ ಕ್ಲಿಕ್ ಮಾಡಿ, ಅಪ್‌ಲೋಡ್ ಒತ್ತಿ. ಮುಗಿದ ಮೇಲೆ ಕೆಳಗಿನ 'ಫೇಲ್ಡ್ ಟ್ರಾನ್ಸ್‌ಫರ್ಸ್' ಖಾಲಿ ಇದೆಯಾ ನೋಡಿ. ಅಲ್ಲಿ ಏನಾದರೂ ಉಳಿದಿದ್ದರೆ ಅದನ್ನು ಮತ್ತೆ ಕಳಿಸಿ.

ಹೋಸ್ಟ್‌ನಲ್ಲಿ, ಬ್ರೌಸರ್‌ನಿಂದಲೇ ಸೈಟ್ ನೋಡಿಕೊಳ್ಳುವ ಸಿಪ್ಯಾನೆಲ್ ಇದ್ದರೆ ಬೇರೆ ತಂತ್ರಾಂಶವೇ ಬೇಡ. ಅದರ ಫೈಲ್ ಮ್ಯಾನೇಜರ್ ತೆರೆದು, ಜಿಪ್ ಫೈಲ್ ಹತ್ತಿಸಿ, ಅಲ್ಲೇ ಎಕ್ಸ್‌ಟ್ರಾಕ್ಟ್ ಮಾಡಬಹುದು.

ಕಾಣದಿದ್ದರೆ

ಫೈಲ್‌ಜಿಲ್ಲಾದಲ್ಲಿ 530 ಎಂದು ಬಂದರೆ ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ತಪ್ಪು. ಬ್ರೌಸರ್‌ನಲ್ಲಿ 403 ಬಂದರೆ ಇಂಡೆಕ್ಸ್ ಫೈಲ್ ಇದೆಯಾ, ಫೈಲ್ ಓದುವ ಅನುಮತಿ (ಪರ್ಮಿಷನ್) ಸರಿಯಿದೆಯಾ ನೋಡಿ. ಅನುಮತಿಯ ಸಂಖ್ಯೆ ಸಾಮಾನ್ಯವಾಗಿ ಫೈಲ್‌ಗೆ 644, ಫೋಲ್ಡರ್‌ಗೆ 755. 404 ಅಂದರೆ ಆ ಹೆಸರಿನ ಫೈಲ್ ಆ ಜಾಗದಲ್ಲಿ ಇಲ್ಲ, ಮತ್ತೆ ಅಕ್ಷರ ನೋಡಿ. ಡೊಮೈನ್, ಅಂದರೆ ಸೈಟ್‌ನ ಹೆಸರನ್ನು ಬೇರೆಯವರ ಬಳಿ ಕೊಂಡಿದ್ದರೆ, ಆ ಹೆಸರಿನಿಂದ ಸರ್ವರ್‌ಗೆ ದಾರಿ ತೋರಿಸುವ ಹೊಸ ಹೋಸ್ಟ್‌ನ ನೇಮ್‌ಸರ್ವರನ್ನು ಅಲ್ಲಿ ಹಾಕಬೇಕು. ಆ ಬದಲಾವಣೆ ಎಲ್ಲ ಕಡೆ ತಲುಪಲು 48 ಗಂಟೆವರೆಗೂ ಹಿಡಿಯಬಹುದು, ಗಾಬರಿ ಬೇಡ. ವಿಳಾಸದ ಪಕ್ಕ 'ನಾಟ್ ಸೆಕ್ಯೂರ್' ಎಂದು ಬಂದರೆ ಸಂಪರ್ಕವನ್ನು ಸುರಕ್ಷಿತವಾಗಿಸುವ ಎಸ್‌ಎಸ್‌ಎಲ್ ಅನ್ನು ಹೋಸ್ಟ್‌ನಲ್ಲಿ ಆನ್ ಮಾಡಿ. ಅದಕ್ಕೆ ಬೇಕಾದ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯದ್ದಾದರೆ ಉಚಿತ, ಹೆಚ್ಚಿನ ಹೋಸ್ಟ್‌ಗಳು ಕೊಡುತ್ತವೆ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ನೋಡಿ ಸುಮ್ಮನಾಗಬೇಡಿ. ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಪ್ರತಿ ಪುಟ ತೆರೆಯಿರಿ. ಬೇರೆ ಊರಲ್ಲಿರುವ ಒಬ್ಬರಿಗೂ ಲಿಂಕ್ ಕಳಿಸಿ ಕೇಳಿ.

ಮುಂದೆ ಬದಲಾವಣೆ ಬಂದಾಗ ಇಡೀ ಸೈಟ್ ಹತ್ತಿಸಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ಅಕ್ಕ ಅಡಿಕೆ, ಕಾಳುಮೆಣಸಿನ ಸಸಿಗಳ ಹೊಸ ಬೆಲೆ ಬರೆದು ಕಳಿಸುತ್ತಾಳೆ. ಮೊದಲು ಲ್ಯಾಪ್‌ಟಾಪ್‌ನಲ್ಲಿರುವ ಪ್ರತಿಯನ್ನು ತಿದ್ದುತ್ತೇನೆ, ಆಮೇಲೆ ಆ ಒಂದು ಫೈಲನ್ನು ಕಳಿಸಿ ಓವರ್‌ರೈಟ್ ಒತ್ತುತ್ತೇನೆ. ಹಳೆಯ ಬೆಲೆಯೇ ಕಂಡರೆ ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿದರೆ ಬ್ರೌಸರ್ ಹೊಸ ಪುಟ ತರುತ್ತದೆ.