ಧರ್ಮಸ್ಥಳ ಪಾದಯಾತ್ರೆಯಲ್ಲಿ ಸುರ್ಯಕ್ಕೆ ಹೋಗಿಬರುವುದು: ನಮ್ಮ ತಂಡ ಕಂಡುಕೊಂಡ ದಾರಿ

ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆಯುವವರಲ್ಲಿ, ಉಜಿರೆ ಹತ್ತಿರದ ಸುರ್ಯ ದೇವಸ್ಥಾನದ ಸದಾಶಿವರುದ್ರನಿಗೆ ಮಣ್ಣಿನ ಗೊಂಬೆ ಒಪ್ಪಿಸುವ ಹರಕೆ ಹೊತ್ತವರು ಬಹಳ ಮಂದಿ. ಹರಕೆ ತೀರಿಸಲು ಮಾತ್ರ ಅವರಲ್ಲಿ ಹಲವರು ಇನ್ನೊಮ್ಮೆ ಬಸ್ಸಿನಲ್ಲೇ ಬರುತ್ತಾರೆ. ಉಜಿರೆಯಿಂದ ಸುರ್ಯ ಸುಮಾರು ನಾಲ್ಕು ಕಿ.ಮೀ., ಹೋಗಿಬರಲು ಎಂಟು. ಕೊನೆಯ ದಿನ ಎಂಟು ಕಿ.ಮೀ. ಹೆಚ್ಚು ನಡೆಸಿದರೆ ತಂಡ ಒಡೆಯುತ್ತದೆ ಎಂದು ನಮ್ಮ ಹಿರಿಯರೂ ಹೇಳುತ್ತಿದ್ದರು. ಒಡೆಯದಂತೆ ಮಾಡಬಹುದು. ಈಗ ನಮ್ಮವರು ಹೆಚ್ಚುಕಡಿಮೆ ಎಲ್ಲರೂ ನಡೆದೇ ಹೋಗಿ ಬರುತ್ತಾರೆ.

ಗುಟ್ಟಿರುವುದು ಹಿಂದಿನ ದಿನದ ತಂಗುದಾಣದಲ್ಲಿ. ರೂಢಿಯಂತೆ ಘಾಟಿಯ ಮೇಲಿನ ಕೊಟ್ಟಿಗೆಹಾರದಿಂದ ಹೊರಟವರು ಒಂದೇ ದಿನಕ್ಕೆ ಉಜಿರೆ ಮುಟ್ಟುತ್ತಾರೆ, ನಲವತ್ತು ಕಿ.ಮೀ. ಆಸುಪಾಸು. ಮರುದಿನಕ್ಕೆ ಸುರ್ಯದ ಎಂಟು, ಧರ್ಮಸ್ಥಳದ ಒಂಬತ್ತು, ಒಟ್ಟು ಹದಿನೇಳು ಉಳಿಯುತ್ತದೆ. ಕಾಗದದ ಮೇಲೆ ಸಲೀಸು. ಆದರೆ ಘಾಟಿ ಇಳಿಯುವಾಗ ಬೆರಳುಗಳು ಬೂಟಿನ ತುದಿಗೆ ಒತ್ತಿ ಉಗುರು ಕಪ್ಪಾಗಿರುತ್ತದೆ, ಮೊಣಕಾಲು ಊದಿರುತ್ತದೆ. ಅದರ ಮೇಲೆ ಕಕ್ಕಿಂಜೆಯಿಂದಾಚೆಗಿನ ಸೆಕೆಯಲ್ಲಿ ಮತ್ತೂ ಹತ್ತು ಹನ್ನೆರಡು ಕಿ.ಮೀ. ಎಳೆದರೆ ಬೆಳಿಗ್ಗೆ ಅರ್ಧ ತಂಡ ಚಾಪೆ ಬಿಟ್ಟು ಏಳುವುದಿಲ್ಲ. ಸುರ್ಯ ಕೈಬಿಟ್ಟುಹೋಗುವುದು ಇಲ್ಲೇ.

ನಾವು ಉಜಿರೆಗೆ ಎಂಟು ಕಿ.ಮೀ. ಮೊದಲೇ ಸಿಗುವ ಮುಂಡಾಜೆಯಲ್ಲೇ ನಿಲ್ಲುತ್ತೇವೆ. ಮೊದಲ ದಿನ ಮೂವತ್ತೆರಡು, ಎರಡನೆಯ ದಿನ ಇಪ್ಪತ್ತೈದು. ಎರಡೂ ಲೆಕ್ಕದಲ್ಲಿ ಒಟ್ಟು ಐವತ್ತೇಳೇ, ಒಂದು ಹೆಜ್ಜೆಯೂ ಕಡಿಮೆಯಿಲ್ಲ. ಇಳಿದ ಕಾಲಿಗೆ ಅದೇ ಸಂಜೆ ನಾಲ್ಕೂವರೆ ಐದಕ್ಕೆಲ್ಲ ಬಿಡುವು ಸಿಗುತ್ತದೆ, ಅಷ್ಟೇ ವ್ಯತ್ಯಾಸ. ಮುಂಡಾಜೆ ಸುತ್ತ ನಮಗೆ ಜಾಗ ಕೊಡುವ ಮನೆ ಯಾವುದೆಂದು ಬರೆಯುವುದಿಲ್ಲ. ಆ ಅಂಗಳ ಇಪ್ಪತ್ತು ಜನಕ್ಕಷ್ಟೇ ಸಾಕು, ಬಾವಿಯೂ ಒಂದೇ.

ಎರಡನೆಯ ದಿನ ನಾಲ್ಕೂವರೆಗೆ ಹೊರಡಬೇಕು. ಹೆದ್ದಾರಿಯಲ್ಲಿ ಕತ್ತಲು, ಸಾಲಿನ ಮುಂದಿನವರಿಗೂ ಹಿಂದಿನವರಿಗೂ ಹೊಳೆಯುವ ಜಾಕೆಟ್ ಕಡ್ಡಾಯ. ನಿಡಿಗಲ್ ಸೇತುವೆ ದಾಟಿ ಏಳರೊಳಗೆ ಉಜಿರೆ, ಅಲ್ಲೇ ತಿಂಡಿ. ಲಗೇಜ್ ಗಾಡಿಯನ್ನು ಉಜಿರೆಯಲ್ಲೇ ನಿಲ್ಲಿಸಿ ಚೀಲ, ಹೊದಿಕೆ ಎಲ್ಲ ಅದರಲ್ಲೇ ಬಿಡಿ. ಕೈಯಲ್ಲಿ ಒಂದು ಲೀಟರ್ ನೀರು, ಒಂದು ಟವೆಲ್, ಹರಕೆ ದುಡ್ಡು ಇದ್ದರೆ ಸಾಕು. ಗಾಡಿಯನ್ನು ಸುರ್ಯದವರೆಗೆ ಹಿಂದೆ ಕರೆದುಕೊಂಡು ಹೋಗಲೇಬೇಡಿ. ಗಾಡಿ ಕಣ್ಣಿಗೆ ಬಿದ್ದರೆ ನಡೆಯಬಲ್ಲವರೂ ಹತ್ತುತ್ತಾರೆ. ಎಂಟೂವರೆ ಹೊತ್ತಿಗೆ ದರ್ಶನ, ಗೊಂಬೆಗಳನ್ನಿಡುವ ಹರಕೆ ಬನಕ್ಕೆ ಮಣ್ಣಿನ ಗೊಂಬೆ ಒಪ್ಪಿಸಿ ಹತ್ತೂವರೆಗೆ ಮತ್ತೆ ಉಜಿರೆ. ಮಧ್ಯಾಹ್ನದ ಪೂಜೆ ನಂತರ ಬಾಗಿಲು ಹಾಕಿದರೆ ಸಂಜೆವರೆಗೆ ಕಾಯಬೇಕಾಗುತ್ತದೆ. ಆದ್ದರಿಂದ ತಡವಾದ ತಂಡ ನೇರ ಧರ್ಮಸ್ಥಳಕ್ಕೆ ಹೋಗುವುದೇ ಲೇಸು. ಉಜಿರೆಯಲ್ಲಿ ಮೂರೂವರೆವರೆಗೆ ನಿದ್ದೆ. ಬಿಸಿಲು ಇಳಿದ ಮೇಲೆ ಒಂಬತ್ತು ಕಿ.ಮೀ.ಗೆ ಕೊನೇ ದಿನದ ಕಾಲಿನಲ್ಲಿ ಎರಡೂವರೆಯಿಂದ ಮೂರು ಗಂಟೆ ಹಿಡಿಯುತ್ತದೆ. ಸಂಜೆಯೊಳಗೆ ನೇತ್ರಾವತಿಯಲ್ಲಿ ಸ್ನಾನ. ಇದನ್ನೆಲ್ಲ ಶಿವರಾತ್ರಿಯ ಹಿಂದಿನ ದಿನಕ್ಕೆ ಕೂರಿಸಿಕೊಳ್ಳಿ. ಸುರ್ಯದಲ್ಲಿರುವವನೂ ಶಿವನೇ, ಹಬ್ಬದ ದಿನ ಸಾಲಿನಲ್ಲೇ ಹೊತ್ತು ಹೋಗುತ್ತದೆ.

ನಡೆಯಲಾಗದವರ ಪ್ರಶ್ನೆಗೂ ಒಂದು ಕಟ್ಟು ಹಾಕಿಕೊಂಡಿದ್ದೇವೆ. ಪಾದಯಾತ್ರೆಯ ಸಂಕಲ್ಪ ಮುಖ್ಯ ದಾರಿಗೆ, ಅದು ಉಜಿರೆಯ ವೃತ್ತದಲ್ಲಿ ನಿಂತು ಅಲ್ಲಿಂದಲೇ ಮುಂದುವರಿಯುತ್ತದೆ. ಸುರ್ಯಕ್ಕೆ ಆಟೋದಲ್ಲಿ ಹೋದರೂ ಸಂಕಲ್ಪಕ್ಕೆ ಭಂಗವಿಲ್ಲ, ಆದರೆ ಧರ್ಮಸ್ಥಳದ ಕಡೆಗೆ ಒಂದು ಮಾರು ದೂರವನ್ನೂ ಗಾಡಿಯಲ್ಲಿ ಹೋಗುವಂತಿಲ್ಲ. ಇದನ್ನು ಬೆಂಗಳೂರು ಬಿಡುವ ಮೊದಲೇ ಹೇಳಿಬಿಡಿ. ಉಜಿರೆಯಲ್ಲಿ ನಿಂತು ಚರ್ಚೆಗಿಳಿದರೆ ಒಂದು ಗಂಟೆ ಅಲ್ಲೇ ಕರಗುತ್ತದೆ.

ದುಡ್ಡಿನ ಮಾತು. ಹಳೆಯ ಪದ್ಧತಿಯಲ್ಲಿ ಸುರ್ಯಕ್ಕೆಂದೇ ಬೇರೆ ವ್ಯಾನ್ ಗೊತ್ತುಮಾಡಿದರೆ ಎರಡೂವರೆ ಸಾವಿರದಷ್ಟು ಹೋಗುತ್ತಿತ್ತು. ಅದು ಎರಡು ಸರದಿಯಲ್ಲಿ ಜನ ಸಾಗಿಸುವುದರೊಳಗೆ ತಂಡವೂ ಎರಡಾಗುತ್ತಿತ್ತು. ಈಗ ದಿನಗಳು ಹೆಚ್ಚಿಲ್ಲದ್ದರಿಂದ ಲಗೇಜ್ ಗಾಡಿಯ ಬಾಡಿಗೆಯೂ ಹೆಚ್ಚಿಲ್ಲ. ತಿಂಡಿ, ಹರಕೆ, ಕಾಣಿಕೆ ಸೇರಿ ತಲೆಗೆ ನೂರೈವತ್ತು ಇನ್ನೂರು ಬೀಳಬಹುದು. ಆಟೋಗೆಂದು ಸಾವಿರ ರೂಪಾಯಿ ಚಿಲ್ಲರೆ ಬೇರೆ ಕಟ್ಟಿಡಿ.

ಕಾಲಿನ ವಿಷಯದಲ್ಲಿ ಒಂದಿಷ್ಟು ಪ್ರಯೋಗ ಮಾಡಿದ್ದೇವೆ. ಬೊಬ್ಬೆ ಏಳದಂತೆ ಪಾದಕ್ಕೆ ಹಾಕುವ ಟೇಪು ಘಟ್ಟದ ಮೇಲೆ ಚೆನ್ನಾಗಿ ನಿಂತರೂ ಕೆಳಗಿನ ಬೆವರಿಗೆ ಒಂದು ಗಂಟೆಯಲ್ಲಿ ಸುರುಳಿಯಾಗುತ್ತದೆ, ಸುರುಳಿಯಾದ ಟೇಪೇ ಹೊಸ ಬೊಬ್ಬೆ ಎಬ್ಬಿಸುತ್ತದೆ. ಟಿಂಚರ್ ಬೆಂಜೊಯಿನ್ ಎಂಬ ಅಂಟುವ ಔಷಧ ದ್ರವವನ್ನು ತೆಳ್ಳಗೆ ಸವರಿ, ಅಂಟಂಟಾದ ಮೇಲೆ ಟೇಪು ಹಾಕಿದರೆ ಧರ್ಮಸ್ಥಳದವರೆಗೂ ಬರುತ್ತದೆ. ಒಡೆದ ಚರ್ಮಕ್ಕೆ ಮಾತ್ರ ಸವರಬೇಡಿ, ಪ್ರಾಣ ಹೋಗುವಷ್ಟು ಉರಿ. ಬೊಬ್ಬೆಗೆ ಸೂಜಿ ಚುಚ್ಚಿ ದಾರ ಬಿಡುವ ಅಭ್ಯಾಸವನ್ನು ನಾವು ನಿಲ್ಲಿಸಿದ್ದೇವೆ, ಆ ದಾರದ ಗುಂಟ ಕೊಳೆ ಒಳಗಿಳಿದು ಕೀವು ಕಟ್ಟುತ್ತದೆ. ಇಳಿಜಾರಿಗೆ ಮೊದಲು ಉಗುರು ಕತ್ತರಿಸಿ, ಲೇಸನ್ನು ಪಾದದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟಿ. ರಾತ್ರಿ ಮೊಣಕಾಲಿಗೆ ಹಚ್ಚುವ ಎಣ್ಣೆ ನಮ್ಮ ತಂಡದ್ದೇ, ಅದನ್ನು ಕೇಳಬೇಡಿ.

ದಾರಿಯಲ್ಲಿ ಬೇಲೂರಿನಿಂದ ಹಳೇಬೀಡಿಗೂ ಹೀಗೇ ಹೋಗಿಬರೋಣವೆಂದರೆ ಈ ಲೆಕ್ಕ ಕೂಡುವುದಿಲ್ಲ. ಹದಿನಾರು ಕಿ.ಮೀ. ಹೋಗಿ ಅಷ್ಟೇ ಹಿಂದೆ ಬರುವುದೆಂದರೆ ಪೂರ್ತಿ ಒಂದು ದಿನ ಬೇಕು, ಆ ದಿನದ ಗಾಡಿ ಬಾಡಿಗೆ ಮೂರು ಮೂರೂವರೆ ಸಾವಿರ ಬೇರೆ. ಚಾರ್ಮಾಡಿಯ ಬದಲು ಶಿರಾಡಿ ಘಾಟಿ ಕಡೆಯಿಂದ ಬರುವವರು ಕೊಕ್ಕಡದಿಂದ ಸೌತಡ್ಕದ ಗಣಪತಿಗೆ ಹೀಗೆ ಹೋಗಿಬರಬಹುದು, ಒಂದು ಕಡೆಗೆ ಎರಡು ಮೂರು ಕಿ.ಮೀ. ಅಷ್ಟೇ. ಅಲ್ಲಿ ಗುಡಿಯಿಲ್ಲ, ದೇವರು ಬಯಲಿನಲ್ಲೇ. ಹರಕೆಯ ಗಂಟೆ ಕಟ್ಟುವವರಿದ್ದರೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.