ನಿಮ್ಮ ಕಥೆಯ ಪ್ರಾಣಿಗೆ ಎಷ್ಟು ಹಲ್ಲು?

ಪೋಕೆಮಾನ್ ಅಂದರೆ ವಿಚಿತ್ರ ಪ್ರಾಣಿಗಳನ್ನು ಹಿಡಿದು, ಪಳಗಿಸಿ, ಕಾಳಗಕ್ಕೆ ಇಳಿಸುವ ವಿಡಿಯೊ ಗೇಮ್. ಆ ಲೋಕದ ನನ್ನ ಮೊದಲ ಕಥೆಯನ್ನು ಮಂಡ್ಯದಿಂದ ಮೈಸೂರಿಗೆ ಹೋಗುವ ರೈಲಿನಲ್ಲಿ, ಮೊಬೈಲಿನಲ್ಲೇ ಬರೆದೆ. ಅದರಲ್ಲಿ ಒಬ್ಬ ಹುಡುಗ ತನ್ನ ಪ್ರಾಣಿಯನ್ನು ತೋರಿಸಿ ‘ಇದು ಲೆವೆಲ್ 23’ ಅನ್ನುತ್ತಾನೆ. ಓದಿದ ತಂಗಿ ಒಂದೇ ಮಾತು ಕೇಳಿದಳು: “ಅಣ್ಣ, ಇಪ್ಪತ್ತಮೂರು ಅಂತ ಅಳೆದೋರು ಯಾರು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಲೆವೆಲ್ ಅಂದರೆ ಪ್ರಾಣಿ ಎಷ್ಟು ಬಲಿತಿದೆ ಅನ್ನುವ ಅಂಕಿ. ಆಟ ಆಡುವ ನಮಗೆ ಅದನ್ನು ತೋರಿಸಲು ಪರದೆ ಇದೆ. ಕಥೆಯೊಳಗಿನ ಹುಡುಗನಿಗೆ ಇರುವುದು ಕಣ್ಣು ಮತ್ತು ಕೈ ಮಾತ್ರ. ಅವತ್ತಿನಿಂದ ಆಟದ ಯಾವ ನಿಯಮವನ್ನು ಕಥೆಗೆ ತಂದರೂ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಆ ಊರಿನವರಿಗೆ ಹೇಗೆ ಗೊತ್ತಾಗುತ್ತದೆ? ಇದರ ಖರ್ಚು ಯಾರ ತಲೆಗೆ ಬೀಳುತ್ತದೆ?

ಲೆವೆಲ್‌ಗೆ ಉತ್ತರ ನಮ್ಮ ಕೊಟ್ಟಿಗೆಯಲ್ಲೇ ಸಿಕ್ಕಿತು. ತಾತ ಹಳ್ಳಿಕಾರ್ ಜೋಡಿ ಸಾಕಿದ್ದರು. ಜಾತ್ರೆಯಲ್ಲಿ ಎತ್ತು ನೋಡುವಾಗ ಮೊದಲು ಬಾಯಿ ಬಿಡಿಸುತ್ತಿದ್ದರು. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು. ಎಂಟೂ ಬಂದರೆ ಬಾಯಿಗೂಡಿತು. ವಯಸ್ಸು ಎಷ್ಟು, ಇನ್ನೆಷ್ಟು ವರ್ಷ ದುಡಿಯುತ್ತದೆ, ಎಷ್ಟು ಬೆಲೆ ಕಟ್ಟಬಹುದು, ಎಲ್ಲಾ ಅದರಲ್ಲೇ ತಿಳಿಯುತ್ತಿತ್ತು. ಆಟದಲ್ಲಿ 100 ಲೆವೆಲ್ ಇವೆ. ಕಥೆಗೆ ಇಂಥ ಐದು ಮೆಟ್ಟಿಲು ಸಾಕು, ಆದರೆ ಪ್ರತಿಯೊಂದೂ ಕಣ್ಣಿಗೆ ಕಾಣಬೇಕು. ಬೆಂಕಿಯುಗುಳುವ ಪ್ರಾಣಿಯಾದರೆ ಉಸಿರಿನ ಹೊಗೆಯ ಬಣ್ಣ ನೋಡಿ ಹೇಳಲಿ.

ಆಟದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಒಂದೇ ಜಾತಿಯ ಎರಡು ಪ್ರಾಣಿಗಳ ಶಕ್ತಿಯಲ್ಲಿ ಹುಟ್ಟಿನಿಂದಲೇ ವ್ಯತ್ಯಾಸ ಇರುತ್ತದೆ, ಹಳೆಯ ಆಟಗಳು ಅದನ್ನು ತೋರಿಸುತ್ತಲೇ ಇರಲಿಲ್ಲ. ಇದನ್ನು ಓದಿದಾಗ ನನಗೆ ನೆನಪಾದದ್ದು ಸುಳಿ. ನಮ್ಮ ಕಡೆ ಎತ್ತಿನ ಮೈಮೇಲೆ ಸುಳಿ ಎಲ್ಲಿದೆ ಅಂತ ನೋಡದೆ ವ್ಯಾಪಾರ ಕುದುರುವುದಿಲ್ಲ. ಸುಳಿ ಸರಿಯಿಲ್ಲ ಅಂತ ಚಿನ್ನದಂಥ ಎತ್ತನ್ನು ಬಿಟ್ಟು ಬಂದವರೂ ಇದ್ದಾರೆ. ನಿಮ್ಮ ಪಾತ್ರಗಳಿಗೂ ಇಂಥ ನಂಬಿಕೆ ಕೊಡಿ. ಕೆಲವು ನಿಜವಾಗಲಿ, ಕೆಲವು ಸುಳ್ಳಾಗಲಿ. ಯಾವುದು ಯಾವುದು ಅಂತ ನಿಮಗೆ ಮಾತ್ರ ಗೊತ್ತಿದ್ದರೆ ಸಾಕು.

ಪ್ರಾಣಿ ಬಲಿಯುವುದನ್ನು ಬರೆಯುವಾಗ ಮೈಸೂರಿನ ದಸರಾ ಆನೆಗಳನ್ನು ನೆನೆಸಿಕೊಳ್ಳಿ. ಅಂಬಾರಿಯ ತೂಕ 750 ಕೆಜಿ. ಅದನ್ನು ಸುಮ್ನೆ ಒಂದು ದಿನ ಹೊರಿಸಿಬಿಡುವುದಿಲ್ಲ. ಮೊದಲು ಬರಿ ನಡಿಗೆ, ಆಮೇಲೆ ಮರಳಿನ ಮೂಟೆ, ಮೂಟೆಯ ತೂಕ ದಿನ ಕಳೆದಂತೆ ಜಾಸ್ತಿ. ಸದ್ದಿಗೆ ಬೆದರದಿರಲಿ ಅಂತ ಎದುರಿಗೇ ಫಿರಂಗಿ ಸಿಡಿಸುತ್ತಾರೆ. ಒಂದು ಕಾಳಗ ಗೆದ್ದ ತಕ್ಷಣ ಪ್ರಾಣಿ ಬಲಿಯಿತು ಅಂತ ಬರೆಯಬೇಡಿ. ಕಾಳಗದ ಹಿಂದಿನ ನಲವತ್ತು ಬೆಳಗ್ಗೆಗಳಲ್ಲಿ ಎರಡನ್ನಾದರೂ ತೋರಿಸಿ.

ಆಟದ ಕಾಳಗದಲ್ಲಿ ಪ್ರಾಣಿಗಳು ಸರದಿಯಂತೆ ಹೊಡೆಯುತ್ತವೆ. ಇದನ್ನು ಕಥೆಗೆ ತರಲು ಎಲ್ಲರೂ ಹೆದರುತ್ತಾರೆ. ಒಂದು ಪ್ರಾಣಿ ಹೊಡೆಯುವಾಗ ಇನ್ನೊಂದು ಯಾಕೆ ಸುಮ್ಮನೆ ಕಾಯುತ್ತದೆ? ಆದರೆ ಕಬಡ್ಡಿಯಲ್ಲಿ ಒಂದು ತಂಡ 30 ಸೆಕೆಂಡ್ ರೈಡ್ ಮಾಡಿ, ಆಮೇಲೆ ಇನ್ನೊಂದು ತಂಡ ಬರುವಾಗ ಯಾರೂ ಹೀಗೆ ಕೇಳಲ್ಲ, ಅಲ್ವಾ? ಗೆರೆ ಇದೆ, ಸೀಟಿ ಇದೆ, ಸುತ್ತ ಜನ ಇದ್ದಾರೆ. ನಿಮ್ಮ ಅಖಾಡಕ್ಕೂ ಗೆರೆ ಎಳೆಯಿರಿ. ಕಾಡಿನಲ್ಲಿ ನಡೆಯುವ ಜಗಳಕ್ಕೆ ಮಾತ್ರ ಸರದಿ ಬೇಡ, ಅಲ್ಲಿ ಎಲ್ಲ ಒಟ್ಟಿಗೇ ನಡೆಯಲಿ. ಆ ವ್ಯತ್ಯಾಸಕ್ಕೇ ಓದುವವರ ಎದೆ ಹೊಡೆದುಕೊಳ್ಳುತ್ತದೆ.

ಕಾಳಗ ಎಲ್ಲಿ ನಿಲ್ಲಬೇಕು ಎನ್ನುವುದಕ್ಕೂ ಕಟ್ಟಳೆ ಬೇಕು. ವಿಜಯದಶಮಿಯ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ, ಅಂದರೆ ಮುಷ್ಟಿಗೆ ಆಯುಧ ತೊಟ್ಟ ಪೈಲ್ವಾನರ ಹೊಡೆದಾಟ ನಡೆಯುತ್ತದೆ. ಒಬ್ಬರ ತಲೆಯಿಂದ ರಕ್ತ ಬಂದ ಕೂಡಲೇ ನಿಲ್ಲಿಸುತ್ತಾರೆ. ಸಾಯುವ ತನಕ ಹೊಡೆದಾಡುವುದಿಲ್ಲ. ಆಟದಲ್ಲಿ ಪ್ರಾಣಿ ಸಾಯದೆ ಸುಮ್ಮನೆ ಮೂರ್ಛೆ ಹೋಗುವುದು ಕೃತಕ ಅನ್ನಿಸಿದರೆ ಇಂಥ ಒಂದು ಹಳೆಯ ಕಟ್ಟಳೆ ಇಟ್ಟು ನೋಡಿ.

ಆಟದಲ್ಲಿ ಒಂದು ಪ್ರಾಣಿಗೆ ಕಾಳಗದ ನಾಲ್ಕೇ ವರಸೆ ನೆನಪಿರುವುದು, ಐದನೆಯದು ಕಲಿತರೆ ಒಂದನ್ನು ಮರೆಯುವುದು: ಇದನ್ನು ಮರೆವು ಅನ್ನಬೇಡಿ, ಅಭ್ಯಾಸ ತಪ್ಪಿತು ಅನ್ನಿ. ಗದ್ದಲದ ನಡುವೆ ಕೂಗಿದ ಮಾತಿಗೆ ಯೋಚನೆಯಿಲ್ಲದೆ ಮೈ ತಿರುಗಬೇಕು. ಅಷ್ಟು ಪಳಗಿಸಲು ನಾಲ್ಕಕ್ಕೆ ಮಾತ್ರ ಹೊತ್ತು ಸಾಲುತ್ತದೆ.

ನಾನು ತುಂಬಾ ದಿನ ಒದ್ದಾಡಿದ್ದು ವಾಸಿಯಾಗುವ ವಿಷಯದಲ್ಲಿ. ಆಟದಲ್ಲಿ ಗಾಯಗೊಂಡ ಪ್ರಾಣಿಯನ್ನು ಪೋಕೆಮಾನ್ ಸೆಂಟರ್ ಅನ್ನುವ ಆಸ್ಪತ್ರೆಗೆ ಕೊಟ್ಟರೆ ಕೆಲವೇ ಕ್ಷಣದಲ್ಲಿ ಎಲ್ಲ ಸರಿ, ದುಡ್ಡೂ ಇಲ್ಲ. ಒಂದು ಸಲ ನೊಗ ಒತ್ತಿ ನಮ್ಮ ಎತ್ತಿನ ಹೆಗಲು ಹುಣ್ಣಾಗಿತ್ತು. ತಾತ ಹದಿನೈದು ದಿನ ನೊಗ ಹಾಕಲಿಲ್ಲ. ಉಳುಮೆಗೆ ಪಕ್ಕದ ಮನೆಯವರ ಎತ್ತು ಕೇಳಿದರು, ಅದಕ್ಕೆ ಮುಯ್ಯಾಗಿ ನಾವು ಅವರ ಕಬ್ಬು ಕಡಿಯಲು ಹೋದೆವು. ಒಂದು ಗಾಯ ಎರಡು ಮನೆಯ ಕೆಲಸ ಬದಲಾಯಿಸಿತು. ಕಥೆಗೆ ಬೇಕಾದದ್ದು ಇದೇ. ಸೆಂಟರನ್ನು ಬಿಡಲೇಬಾರದು ಅನ್ನುವುದಾದರೆ ಅದನ್ನು ಹಳ್ಳಿಯ ಹಾಲಿನ ಡೇರಿಯ ಹಾಗೆ ನಡೆಸಿ. ಸದಸ್ಯರ ಪಾಸ್‌ಬುಕ್ ಇರಲಿ, ಬೆಳಗ್ಗೆ ಸಾಲು ಇರಲಿ, ಬಟವಾಡೆಯಲ್ಲಿ ಔಷಧಿಯ ದುಡ್ಡು ಹಿಡಿದುಕೊಳ್ಳಲಿ. ಸದಸ್ಯನಲ್ಲದವನು ರಾತ್ರಿ ಗಾಯಗೊಂಡ ಪ್ರಾಣಿ ಹೊತ್ತು ಬಂದರೆ ಬಾಗಿಲು ತೆಗೆಯುತ್ತಾರಾ? ನನ್ನ ಒಂದು ಅಧ್ಯಾಯ ಪೂರ್ತಿ ಈ ಪ್ರಶ್ನೆಯಿಂದಲೇ ಹುಟ್ಟಿತು.

ಹಿಡಿಯುವ ಭಾಗಕ್ಕೆ ಹೆಚ್ಚು ಕಷ್ಟಪಡಬೇಕಿಲ್ಲ. 1996ರಲ್ಲಿ ಜಪಾನ್‌ನಲ್ಲಿ ಬಂದ ಈ ಆಟವನ್ನು ರೂಪಿಸಿದ ಸತೋಶಿ ತಾಜಿರಿ ಚಿಕ್ಕಂದಿನಲ್ಲಿ ಹುಳ ಹಿಡಿದು ಕೂಡಿಡುತ್ತಿದ್ದವರು. ಆ ಖುಷಿ ನಿಯಮದೊಳಗೇ ಇದೆ. ನೀವು ಹುಲ್ಲು, ಮಣ್ಣು, ಹೊತ್ತು ಸರಿಯಾಗಿ ಬರೆದರೆ ಸಾಕು.

ನೀರು ಬೆಂಕಿಯನ್ನು ಗೆಲ್ಲುತ್ತದೆ ಅನ್ನುವ ನಿಯಮವನ್ನು ಮಾತ್ರ ಊರಿಗೆ ಕಟ್ಟಿಹಾಕಿ. ಕೆಆರ್‌ಎಸ್ 124.80 ಅಡಿ ತುಂಬಿದ ವರ್ಷ ಮಂಡ್ಯದ ಮಾತೇ ಬೇರೆ, ನಾಲೆಯಲ್ಲಿ ಕಟ್ಟು ನೀರು, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ನೀರು, ಬಿಡುವ ವರ್ಷದ ಮಾತೇ ಬೇರೆ. ನೀರಿನ ಪ್ರಾಣಿಯ ಬಲವೂ ಹಾಗೇ ಏರಿಳಿಯಲಿ. ಕಬ್ಬಿನ ತರಗು ಒಣಗಿ ನಿಂತ ಕಾಲದಲ್ಲಿ ಬೆಂಕಿಯ ಪ್ರಾಣಿ ಊರೊಳಗೆ ಬರಬಾರದು ಅಂತ ಪಂಚಾಯಿತಿ ಹೇಳಲಿ.

ಆಟದಲ್ಲಿ ಬಲಿತ ಪ್ರಾಣಿ ಬೇರೆಯೇ ರೂಪ ತಾಳುತ್ತದೆ, ಅದಕ್ಕೂ ಇದೇ ದಾರಿ. ಮ್ಯಾಜಿಕಾರ್ಪ್ 0.9 ಮೀಟರ್ ಉದ್ದದ, 10 ಕೆಜಿ ಮೀನು. ಲೆವೆಲ್ 20ಕ್ಕೆ ಅದು ಗ್ಯಾರಡೋಸ್ ಆದರೆ 6.5 ಮೀಟರ್, 235 ಕೆಜಿ. ಈಗ ಬರೆಯುತ್ತಿರುವ ಕಥೆಯಲ್ಲಿ ನನ್ನ ಹುಡುಗಿ ಆ ಮೀನನ್ನು ಹಿತ್ತಲಿನ ತೊಟ್ಟಿಯಲ್ಲಿ ಸಾಕಿದ್ದಳು. ನಡುರಾತ್ರಿ ತೊಟ್ಟಿ ಒಡೆಯಿತು. ಅವಳು ನಾಲೆಯ ನೀರು ನೋಡಿಕೊಳ್ಳುವ ನೀರುಗಂಟಿಯ ಮನೆಗೆ ಓಡಿ ಬಾಗಿಲು ತಟ್ಟಿದಳು. ನಾಲೆಗೆ ನೀರು ಬರಲು ಇನ್ನೂ ಹತ್ತು ದಿನ ಇದೆ. ಅವರು ಟವೆಲ್ ಹೊದ್ದು ಎದ್ದು ಬಂದು ಕೇಳಿದರು: “ಎಷ್ಟುದ್ದ ಅದೆ ಮಗಾ?”