ಎಡ ಮೊಣಕೈಗೊಂದು, ಬಲ ಮೊಣಕೈಗೊಂದು

ನನಗೆ ಸೋರಿಯಾಸಿಸ್, ಅಂದ್ರೆ ಚರ್ಮ ಅಲ್ಲಲ್ಲಿ ದಪ್ಪಗಾಗಿ ಚಕ್ಕೆ ಏಳುವ ಕಾಯಿಲೆ, ಶುರುವಾಗಿ ಹನ್ನೊಂದು ವರ್ಷ ಆಯ್ತು. ಎರಡೂ ಮೊಣಕೈ, ಕಿವಿಯ ಹಿಂದೆ, ತಲೆ. ಕಪ್ಪು ಶರ್ಟ್ ಹಾಕಿದರೆ ಹೆಗಲ ತುಂಬಾ ಬಿಳಿ ಹೊಟ್ಟು.

ಒಮ್ಮೆ ಚರ್ಮದ ಡಾಕ್ಟರನ್ನು ಕೇಳಿಯೇ ಒಂದು ಪರೀಕ್ಷೆ ಮಾಡಿದೆ. ಬಲ ಮೊಣಕೈಗೆ ಕ್ಲೋಬೆಟಾಸೋಲ್, 0.05%. ಸ್ಟೀರಾಯ್ಡ್‌ಗಳಲ್ಲೇ ಜೋರಿನದು. ಎಡಕ್ಕೆ ಕ್ಯಾಲ್ಸಿಪೊಟ್ರಿಯಾಲ್, ಅಂದ್ರೆ ವಿಟಮಿನ್ ಡಿ ಜಾತಿಯ ಮುಲಾಮು. ಬಲಗೈ ಹತ್ತೇ ದಿನಕ್ಕೆ ಚಪ್ಪಟೆಯಾಯ್ತು. ಎಡಗೈ ಮೊದಲ ವಾರ ಬರೀ ಉರಿ. ಮೂರು ವಾರ ಕಳೆದರೂ ಏನೂ ಇಲ್ಲ.

ತಾಳ್ಮೆ ಕೆಟ್ಟು ಚಕ್ಕೆ ಉದುರಲಿ ಅಂತ ಹಳೇ ಸ್ಯಾಲಿಸಿಲಿಕ್ ಆಸಿಡ್ ಮುಲಾಮನ್ನೂ ಅದರ ಮೇಲೇ ಬಳಿದೆ. ಡಾಕ್ಟರು ನಕ್ಕರು. ಆ ಆಸಿಡ್ ತಾಗಿದರೆ ಕ್ಯಾಲ್ಸಿಪೊಟ್ರಿಯಾಲ್ ಕೆಲಸ ಮಾಡೋದೇ ಇಲ್ಲವಂತೆ. ದುಬಾರಿ ಟ್ಯೂಬು ಸುಮ್ನೆ ಹಾಳಾಯ್ತು.

ಎರಡು ವಾರಕ್ಕೆ ಸ್ಟೀರಾಯ್ಡ್ ನಿಲ್ಲಿಸಿದ್ದೆ. ಒಂದೂವರೆ ತಿಂಗಳಲ್ಲಿ ಬಲಗೈ ಮತ್ತೆ ದಪ್ಪ. ಅಷ್ಟೊತ್ತಿಗೆ, ಆಸಿಡ್ ಬಿಟ್ಟ ಮೇಲೆ, ಎಡಗೈ ನಿಧಾನಕ್ಕೆ ತೆಳುವಾಗಿತ್ತು. ಹಾಗಾಗಿ ಈಗ ಎರಡಕ್ಕೂ ಒಂದೇ ಲೆಕ್ಕ: ಸೋಮವಾರದಿಂದ ಶುಕ್ರವಾರ ಕ್ಯಾಲ್ಸಿಪೊಟ್ರಿಯಾಲ್, ಶನಿವಾರ ಭಾನುವಾರ ಸ್ಟೀರಾಯ್ಡ್. ಇದು ಡಾಕ್ಟರು ನನಗೆ ಹಾಕಿಕೊಟ್ಟ ಲೆಕ್ಕ, ನಿಮ್ಮದು ಬೇರೆ ಇರಬಹುದು.

ಎಷ್ಟು ಹಚ್ಚಬೇಕು ಅನ್ನೋದು ನನಗೆ ವರ್ಷಗಟ್ಟಲೆ ಗೊತ್ತಿರಲಿಲ್ಲ. ತೋರುಬೆರಳಿನ ತುದಿಯಿಂದ ಮೊದಲ ಗೆರೆವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ನಾನು ಬೆಣ್ಣೆ ಮೆತ್ತಿದ ಹಾಗೆ ಮೆತ್ತುತ್ತಿದ್ದೆ.

ಕಿವಿಯ ಹಿಂದೆ ಟ್ಯಾಕ್ರೊಲಿಮಸ್, ಅದು ಸ್ಟೀರಾಯ್ಡ್ ಅಲ್ಲದ ಮುಲಾಮು. ಅಲ್ಲಿ ಚರ್ಮ ತೆಳು, ಸ್ಟೀರಾಯ್ಡ್ ಹಚ್ಚುತ್ತಾ ಹೋದರೆ ಇನ್ನೂ ತೆಳುವಾಗುತ್ತದೆ. ಇದರಲ್ಲಿ ಆ ಭಯ ಇಲ್ಲ, ಮೊದಮೊದಲು ಉರಿಯುತ್ತದೆ ಅಷ್ಟೆ. ತಲೆಗೆ ಕೋಲ್ ಟಾರ್ ಶಾಂಪೂ. ರಸ್ತೆಗೆ ಡಾಂಬರು ಹಾಕುವಾಗಿನ ವಾಸನೆ, ನಮ್ಮನೆಯವಳು ದಿಂಬನ್ನೇ ಬೇರೆ ಮಾಡಿದಳು.

ಈ ನಡುವೆ ನನ್ನ ಭಾವ ಕೇಳದೇ ನನ್ನ ಕ್ಲೋಬೆಟಾಸೋಲ್ ಎತ್ತಿಕೊಂಡು ತೊಡೆಸಂದಿಯ ತುರಿಕೆಗೆ ಹಚ್ಚಿಕೊಂಡ. ಎರಡು ದಿನ ತುರಿಕೆ ನಿಂತಿತು, ಖುಷಿಯೋ ಖುಷಿ. ಅದು ಹುಳುಕಡ್ಡಿ. ಸ್ಟೀರಾಯ್ಡ್ ಬಿದ್ದದ್ದರಿಂದ ಫಂಗಸ್‌ಗೆ ಹಬ್ಬ, ತಿಂಗಳಲ್ಲಿ ಅರ್ಧ ತೊಡೆ ಆವರಿಸಿತು. ಮಾತ್ರೆ ನುಂಗಿ ವಾಸಿಯಾಗಲು ಎರಡು ತಿಂಗಳು ಬೇಕಾಯ್ತು.

ಈಗ ಆ ಟ್ಯೂಬಿನ ಮೇಲೆ ಪೆನ್ನಲ್ಲಿ ‘ಮೊಣಕೈಗೆ ಮಾತ್ರ, ನಂದು’ ಅಂತ ಬರೆದಿಟ್ಟಿದ್ದೇನೆ.